ಪೊಲೀಸರಿಂದ ಏನೂ ಆಗುವುದಿಲ್ಲವೇ?

'ಭಯೋತ್ಪಾದನೆಗೆ ಸೇನೆಯೇ ಮದ್ದು, ಪೊಲೀಸ್ ತನಿಖೆಯಿಂದ ಏನೂ ಆಗದು' ಎಂದು ಲೇಖನವೊಂದರಲ್ಲಿ ಲೇಖಕರು, ಲಾಡೆನ್‌ನನ್ನು ಹಿಡಿಯಲು ಅಫ್ಘಾನಿಸ್ತಾನಕ್ಕೆ ಸೇನೆ ಕಳಿಸಿದ ಅಮೆರಿಕದ ಉದಾಹರಣೆ ಕೊಟ್ಟಿದ್ದಾರೆ. ಅದೇ ಅಮೆರಿಕದ ಇನ್ನೊಂದು ಕತೆ ಕೇಳಿ. 1993ರಲ್ಲಿ ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರ್‌ನ ನೆಲಮಾಳಿಗೆಯಲ್ಲಿ ಬಾಂಬ್ ಸಿಡಿಸಿದ ರಮ್ಜಿ ಯೂಸುಫ್ ಅವತ್ತೇ ದೇಶ ಬಿಟ್ಟು ಓಡಿದ್ದ. 1995ರಲ್ಲಿ ಇಸ್ಲಾಮಾಬಾದಿನಲ್ಲಿ ಸಿಕ್ಕಿಬಿದ್ದ. ಸುಳಿವು ಕೊಟ್ಟವನು ಅವನ ಪರಿಚಯದವನೇ. ನ್ಯೂಯಾರ್ಕಿನ ಮಾಮೂಲಿ ಕೋರ್ಟಿನಲ್ಲಿ ವಿಚಾರಣೆ ನಡೆಯಿತು, ಜೀವಾವಧಿ ಶಿಕ್ಷೆಯಾಯಿತು.

ಅವನ ಸೋದರಮಾವ ಖಾಲಿದ್ ಶೇಖ್ ಮೊಹಮ್ಮದ್, 2001ರಲ್ಲಿ ಅದೇ ವರ್ಲ್ಡ್ ಟ್ರೇಡ್ ಸೆಂಟರನ್ನು ಉರುಳಿಸಿದ ದಾಳಿಯ ಸೂತ್ರಧಾರ. 2003ರಲ್ಲಿ ರಾವಲ್ಪಿಂಡಿಯಲ್ಲಿ ಸಿಕ್ಕ. ಅವನನ್ನು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ರಹಸ್ಯ ಜೈಲುಗಳಲ್ಲಿಟ್ಟು ಹಿಂಸೆ ಕೊಟ್ಟಿತು, ಆಮೇಲೆ ಕ್ಯೂಬಾದಲ್ಲಿರುವ ಅಮೆರಿಕದ ನೌಕಾನೆಲೆ ಗ್ವಾಂಟನಾಮೋದ ಮಿಲಿಟರಿ ಕೋರ್ಟಿನ ಪಾಲು. ಇಪ್ಪತ್ತು ವರ್ಷ ದಾಟಿದರೂ ತೀರ್ಪಿಲ್ಲ! ಹಿಂಸೆ ಕೊಟ್ಟ ಮೇಲೆ ಪಡೆದ ಹೇಳಿಕೆ ಸಾಕ್ಷಿಯಾಗುತ್ತದೆಯೇ ಎಂಬ ವಾದವೇ ಮುಗಿಯುತ್ತಿಲ್ಲ.

ಅಫ್ಘಾನಿಸ್ತಾನ ಆಳುತ್ತಿದ್ದ ತಾಲಿಬಾನ್, 2001ರ ದಾಳಿ ಮಾಡಿಸಿದ ಅಲ್ ಖೈದಾ ನಾಯಕ ಲಾಡೆನ್‌ನನ್ನು ಒಪ್ಪಿಸಲಿಲ್ಲ, ನಿಜ. ಅಲ್ಲಿಗೆ ವಾರಂಟ್ ಹಿಡಿದುಕೊಂಡು ಹೋಗಲು ಆಗುತ್ತಿರಲಿಲ್ಲ. ಅವನ ಶಿಬಿರಗಳನ್ನು ಒಡೆಯಲು ಸೇನೆ ಬೇಕೇ ಇತ್ತು ಅನ್ನಿ. ಆದರೆ ಅಮೆರಿಕದವರು ಅಷ್ಟಕ್ಕೆ ನಿಲ್ಲದೆ ಅಲ್ಲಿ 20 ವರ್ಷ ಕೂತರು, 2021ರಲ್ಲಿ ಅದೇ ತಾಲಿಬಾನ್ ಕಾಬೂಲಿಗೆ ವಾಪಸ್ ಬಂತು. ಇನ್ನು ಪಾಕಿಸ್ತಾನದ ಅಬೊಟಾಬಾದಿನಲ್ಲಿ ಲಾಡೆನ್‌ನನ್ನು ಕೊಂದಿದ್ದು ಕಮಾಂಡೋಗಳೇ. ಆದರೆ ಅವನ ಪತ್ರ ಸಾಗಿಸುವವನ ಬೆನ್ನು ಹತ್ತಿ ಮನೆ ಹುಡುಕಿದ್ದು ವರ್ಷಗಟ್ಟಲೆ ನಡೆದ ಪತ್ತೇದಾರಿ ಕೆಲಸ ಅಲ್ವಾ?