ಸೀಗೆಕಾಯಿಯ ಮೇಲಿನ ಅಪವಾದ

ಇಬ್ಬರಿಗೆ ಆಗಿಬರದಿದ್ದರೆ ‘ಅವರದು ಎಣ್ಣೆ-ಸೀಗೆಕಾಯಿ ಸಂಬಂಧ’ ಎಂದುಬಿಡುತ್ತೇವೆ. ನಾನೂ ಅಂದವನೇ. ಈಚೆಗೆ ಮಾತ್ರ ಪಾಪದ ಸೀಗೆಕಾಯಿಯ ಮೇಲೆ ಸುಳ್ಳು ಅಪವಾದ ಹೊರಿಸಿದೆವಲ್ಲ ಅನ್ನಿಸುತ್ತಿದೆ. ಕಾರಣ, ತಾರಸಿಯ ಮೇಲಿನ ದಾಸವಾಳ.

ಗಿಡಗಳಿಗೆ ಹಿಟ್ಟುತಿಗಣೆ ಹತ್ತಿತ್ತು. ಕುಡಿಯ ತುಂಬ ಹತ್ತಿ ಅಂಟಿಸಿದ ಹಾಗೆ. ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ ಹಾಕಿ ಹೊಡೆಯಿರಿ ಅಂದರು ನರ್ಸರಿಯವರು. ಹಾಕಿದೆ, ಕುಲುಕಿದೆ, ಹೊಡೆದೆ. ಸ್ಪ್ರೇ ಬಾಟಲಿಯ ನಳಿಕೆ ಹೀರುವುದು ತಳದಿಂದ; ಎಣ್ಣೆ ತೇಲುವುದು ಮೇಲೆ. ಹೀಗಾಗಿ ಮೊದಲ ಕುಂಡಗಳಿಗೆಲ್ಲ ಬರೀ ನೀರಿನ ಅಭಿಷೇಕ, ಕೊನೆಯದಕ್ಕೆ ತೈಲ ಮಜ್ಜನ. ಮೂರೇ ದಿನಕ್ಕೆ ಅದರ ಎಲೆ ಸುಟ್ಟು ಕಪ್ಪಾಯಿತು. ತಿಗಣೆಗಳು ಮಾತ್ರ ಸೌಖ್ಯ.

‘ಸೋಪಿನ ನೀರು ಸೇರಿಸ್ದೆ ಹಾಗೇ ಹೊಡೆದ್ಯೇನಪ್ಪ?’ ಎಂದರು ಪಕ್ಕದ ತಾರಸಿಯ ಅಜ್ಜಿ.

ಬಟ್ಟೆ ಸೋಪು ತುರಿದು ಹಾಕಿದೆ. ನಮ್ಮದು ಬೋರ್‌ವೆಲ್ ನೀರು. ಒಡೆದ ಹಾಲಿನಂತೆ ಬಿಳಿ ಚೂರುಗಳೆದ್ದವು. ಗಡಸು ನೀರಿನ ಕ್ಯಾಲ್ಸಿಯಂ ಸೋಪನ್ನು ಹಿಡಿದು ಕರಗದ ಜಿಡ್ಡು ಮಾಡಿಬಿಡುತ್ತದೆ. ಎಣ್ಣೆಯ ಕೆಲಸಕ್ಕೆ ಸೋಪು ಉಳಿಯುವುದಿಲ್ಲ. ಕೊನೆಗೆ ಅಡುಗೆಮನೆಯಲ್ಲಿ ಸಿಕ್ಕ ಅಂಟುವಾಳ ನೆನೆಹಾಕಿ, ಕಿವುಚಿ, ಸೋಸಿದೆ. ಆ ನೊರೆನೀರಿಗೆ ಮೊದಲು ಎಣ್ಣೆ ಬೆರೆಸಿ ಚೆನ್ನಾಗಿ ಕುಲುಕಿ, ಆಮೇಲೆ ಉಳಿದ ನೀರು ಸುರಿದೆ. ಇಡೀ ಬಾಟಲಿ ನೀರುಮಜ್ಜಿಗೆಯಾಯಿತು!

ಅಂಟುವಾಳದಲ್ಲೂ ಸೀಗೆಕಾಯಿಯಲ್ಲೂ ಇರುವುದು ಸಪೋನಿನ್. ಅದರ ಅಣುವಿನ ಒಂದು ಬದಿ ಸಕ್ಕರೆ, ಅದಕ್ಕೆ ನೀರೆಂದರೆ ಪ್ರೀತಿ; ಇನ್ನೊಂದು ಬದಿಗೆ ಜಿಡ್ಡೇ ಆಪ್ತ. ಕುಲುಕಿದಾಗ ಒಡೆದ ಎಣ್ಣೆಯ ಒಂದೊಂದು ಹನಿಯನ್ನೂ ಇವು ಮುತ್ತಿಕೊಳ್ಳುತ್ತವೆ, ಜಿಡ್ಡಿನ ಬದಿ ಒಳಗೆ, ಸಕ್ಕರೆಯ ಬದಿ ಹೊರಗೆ. ಹನಿಗಳು ಮತ್ತೆ ಕೂಡಿಕೊಳ್ಳಲು ಸುಲಭಕ್ಕೆ ಬಿಡುವುದಿಲ್ಲ. ಆ ಸಣ್ಣ ಹನಿಗಳು ಬೆಳಕನ್ನು ಚೆದುರಿಸುವುದರಿಂದಲೇ ಆ ಬಿಳುಪು. ಹಾಲು ಬೆಳ್ಳಗಿರುವುದರಲ್ಲೂ ಅರ್ಧ ಗುಟ್ಟು ಇದೇ.

ದೀಪಾವಳಿಯ ಎಣ್ಣೆಸ್ನಾನದಲ್ಲೂ ನಡೆಯುವುದು ಇಷ್ಟೇ. ತಲೆಯ ಎಣ್ಣೆ ಹೋಯಿತು, ಸೀಗೆಪುಡಿ ಓಡಿಸಿತು ಅಂದುಕೊಳ್ಳುತ್ತೇವೆ. ಓಡಿಸುವುದೆಲ್ಲಿ, ಅಪ್ಪಿಕೊಂಡು ತಾನೂ ಜೊತೆಗೇ ಬಚ್ಚಲಿಗೆ ಇಳಿದಿರುತ್ತದೆ. ಜಗಳ ಇರುವುದು ಎಣ್ಣೆಗೂ ನೀರಿಗೂ. ರಾಜಿಗೆ ಬಂದವನ ಹೆಸರನ್ನೇ ಗಾದೆಗೆ ಸೇರಿಸಿದ್ದೇವೆ.

ಹಾಗಂತ ಈ ರಾಜಿ ಶಾಶ್ವತವಲ್ಲ. ಮಿಕ್ಕಿದ್ದನ್ನು ರಾತ್ರಿಯಿಡೀ ಬಿಟ್ಟಿದ್ದೆ. ಬೆಳಿಗ್ಗೆ ಬಾಟಲಿಯ ಕತ್ತಿನಲ್ಲಿ ಹಳದಿ ಉಂಗುರ. ಕುಲುಕುತ್ತ ನಿಂತಿದ್ದಾಗ ಕೆಳಗಿನಿಂದ ಹೆಂಡತಿಯ ದನಿ: ‘ರೇಷ್ಮೆ ಸೀರೆಗೆ ಅಂತ ತರಿಸಿದ್ದ ಅಂಟುವಾಳ ಎಲ್ಲಿ ಹೋಯ್ತು?’

ಬಾಟಲಿ ಹಿಡಿದುಕೊಂಡೇ ಮೆಟ್ಟಿಲಿಳಿದೆ.