ಬಿಚ್ಚೋಕೆ ಒಂದು ನಿಮಿಷ, ಮಡಚೋಕೆ?

ರೂಫ್‌ಟಾಪ್ ಟೆಂಟ್, ಅಂದರೆ ಕಾರಿನ ಚಾವಣಿ ಮೇಲೆ ಕಟ್ಟಿ ಮಲಗುವ ಟೆಂಟ್, ಅದರ ಬಗ್ಗೆ ವಿಡಿಯೋ ಮಾಡುವವರಿಗೆಲ್ಲ ನನ್ನದೊಂದು ಪ್ರಶ್ನೆ. ಅದನ್ನು ಮಡಚುವುದನ್ನು ಯಾಕ್ರಪ್ಪಾ ತೋರಿಸಲ್ಲ? ಬೆಲ್ಟ್ ಬಿಚ್ಚುತ್ತೀರಿ, ಏಣಿ ಹಿಡಿದು ಎಳೆಯುತ್ತೀರಿ, ಟೆಂಟ್ ಪುಸ್ತಕದ ಹಾಗೆ ತೆರೆದುಕೊಳ್ಳುತ್ತದೆ. ಆಮೇಲೆ ಸೂರ್ಯ ಮುಳುಗುತ್ತಾನೆ, ಹಿಂದೆ ಮ್ಯೂಸಿಕ್ಕು. ಮರುದಿನ ಬೆಳಿಗ್ಗೆ ಏನಾಯಿತು ಅಂತ ಒಬ್ಬರೂ ಬಾಯಿ ಬಿಡಲ್ಲ. ನಾನು ಬಿಡುತ್ತೇನೆ.

ಮೊನ್ನೆ ಬೆಳಿಗ್ಗೆ ಆರು ಗಂಟೆ. ರಾತ್ರಿಯೆಲ್ಲ ಮಳೆ ಸುರಿದು ಆಗ ತಾನೇ ಜಿಟಿಜಿಟಿಗೆ ಇಳಿದಿತ್ತು. ಟೆಂಟಿನ ಬಟ್ಟೆ ನೀರು ಕುಡಿದು ಕಲ್ಲಾಗಿತ್ತು. ಮೊದಲು ಕಿಟಕಿಗಳಿಗೆ ಕೊಟ್ಟಿರುವ ಸ್ಪ್ರಿಂಗ್ ಕಂಬಿಗಳನ್ನು ಒಂದೊಂದಾಗಿ ಕೀಳಬೇಕು. ಅದರಲ್ಲೊಂದು ಚಿಮ್ಮಿ ನನ್ನ ಗಲ್ಲಕ್ಕೆ ಬಾರಿಸಿತು. ಆಮೇಲೆ ಏಣಿಯನ್ನೇ ಹಿಡಿದು ಅರ್ಧ ಟೆಂಟನ್ನು ಎತ್ತಿ ಇನ್ನರ್ಧದ ಮೇಲೆ ಮಗುಚಬೇಕು. ಮಗುಚಿದೆ. ಬಟ್ಟೆಯ ಮಡಿಕೆಯಲ್ಲಿ ನಿಂತಿದ್ದ ನೀರೆಲ್ಲ ನನ್ನ ತೋಳಿನೊಳಗೇ ಇಳಿಯಿತು. ಸುತ್ತ ಹೊರಗೆ ಚಾಚಿಕೊಂಡಿರುವ ಬಟ್ಟೆಯನ್ನು ಕಾರಿನ ನಾಲ್ಕೂ ಬಾಗಿಲು ತೆಗೆದು, ಹೊಸ್ತಿಲ ಮೇಲೆ ನಿಂತು, ಒಳಗೆ ತುರುಕಬೇಕು. ಈ ಕಡೆ ತುರುಕಿದರೆ ಆ ಕಡೆ ಹೊರಗೆ ಬರುತ್ತದೆ. ಕಾರಿನ ಸೀಟೆಲ್ಲ ಒದ್ದೆ.

ಕೊನೆಗೆ ಮೇಲುಹೊದಿಕೆಯ ಜಿಪ್. ಮೂರು ಮೂಲೆ ತನಕ ಸಲೀಸಾಗಿ ಬಂತು. ನಾಲ್ಕನೇ ಮೂಲೆಯಲ್ಲಿ ಬೆರಳಗಲದಷ್ಟು ಜಾಗ ಬಿಟ್ಟು ನಿಂತುಬಿಟ್ಟಿತು. ಟೆಂಟಿನೊಳಗೇ ಹೊದಿಕೆ, ದಿಂಬು ಬಿಡಬಹುದು ಅಂತ ಅಂಗಡಿಯವನು ಹೇಳಿದ್ದನಲ್ಲ, ಅದನ್ನು ನಂಬಿದ್ದರ ಫಲ. ಮತ್ತೆ ಬಿಚ್ಚು, ದಿಂಬು ತೆಗೆ, ಮತ್ತೆ ಮಗುಚು. ಬಾನೆಟ್ ಮೇಲೆ ಮಂಡಿ ಊರಿಕೊಂಡು ನಾನು ಒತ್ತುವುದು, ಕೆಳಗಿನಿಂದ ನನ್ನ ಹೆಂಡತಿ ಜಿಪ್ ಎಳೆಯುವುದು. ಐವತ್ತು ನಿಮಿಷ! ಅಷ್ಟರಲ್ಲಿ ಪಕ್ಕದಲ್ಲಿ ನೆಲದ ಮೇಲೆ ಟೆಂಟ್ ಹಾಕಿದ್ದ ಹುಡುಗರು ತಮ್ಮದನ್ನು ಉಂಡೆ ಕಟ್ಟಿ ಡಿಕ್ಕಿಗೆ ಎಸೆದು ಹೊರಟೇ ಹೋದರು. ಹೋಗುವಾಗ "ಅಂಕಲ್, ಹೆಲ್ಪ್ ಬೇಕಾ?" ಅಂತ ಬೇರೆ.

ನಿಜ ಹೇಳಬೇಕು. ಆ ರಾತ್ರಿ ಆ ಹುಡುಗರ ಟೆಂಟಿನ ಅಡಿಯಲ್ಲಿ ನೀರು ಹರಿದು ಅವರು ಸರಿಯಾಗಿ ಮಲಗೇ ಇರಲಿಲ್ಲ. ನಾವು ಮೇಲೆ ಆರಾಮಾಗಿದ್ದೆವು. ಕಲ್ಲು ಚುಚ್ಚಲ್ಲ, ಕೆಸರಿಲ್ಲ, ಇರುವೆಯಿಲ್ಲ. ನೆಲ ಸಮ ಇರುವ ಜಾಗ ಹುಡುಕಬೇಕಾಗಿಲ್ಲ, ಕಾರು ಸಮ ನಿಂತರೆ ಸಾಕು. ಆರು ಸೆಂಟಿಮೀಟರ್ ದಪ್ಪದ ಹಾಸಿಗೆ ಒಳಗೇ ಇರುತ್ತದೆ. ಬೆಳಿಗ್ಗೆ ಕಿಟಕಿ ತೆಗೆದರೆ ಮರದ ಕೊಂಬೆ ಮುಖದ ಮುಂದೆ. ಇದಕ್ಕೆಲ್ಲ ನಾನು ಮೋಸ ಅನ್ನಲ್ಲ.

ಆದರೆ ಕಾರು ಸಮ ನಿಲ್ಲಬೇಕಲ್ಲ! ಕಣ್ಣಿಗೆ ಕಾಣದಷ್ಟು ಓರೆಯಿದ್ದರೂ ಮಲಗಿದಾಗ ಗೊತ್ತಾಗುತ್ತದೆ. ಮೊದಲ ರಾತ್ರಿ ಇಬ್ಬರೂ ಜಾರಿ ಜಾರಿ ಕಾಲ ಬುಡಕ್ಕೆ ಬಂದಿದ್ದೆವು. ಇನ್ನೊಂದು, ಕಾರು ಸಸ್ಪೆನ್ಷನ್ ಮೇಲೆ ನಿಂತಿರುತ್ತದೆ. ಒಬ್ಬರು ಮಗ್ಗುಲಾದರೆ ಇಡೀ ಮನೆ ತೂಗುತ್ತದೆ. ಗಾಳಿ ಬಂದರೆ ಮೇಲಿನ ಮಳೆಬಟ್ಟೆ ಪಟಪಟ ಅಂತ ರಾತ್ರಿಯೆಲ್ಲ ಬಡಿಯುತ್ತದೆ. ಚಳಿ ಅಂತ ಕಿಟಕಿ ಪೂರ್ತಿ ಮುಚ್ಚಿದಿರೋ, ನಮ್ಮ ಉಸಿರೇ ನೀರಾಗಿ ಗೋಡೆಯಿಂದ ಇಳಿಯುತ್ತದೆ. ಅಡಿಯ ಹಲಗೆ ತಣ್ಣಗಿರುತ್ತದೆ, ಮೈ ಬೆಚ್ಚಗಿರುತ್ತದೆ, ಹಾಸಿಗೆ ತಳ ಬೆವರುತ್ತದೆ. ಅದರ ಕೆಳಗೆ ಗಾಳಿಯಾಡುವ ಒಂದು ಜಾಲರಿ ಹಾಸಬೇಕಂತೆ. ಅದನ್ನು ಬೇರೆ ಕೊಳ್ಳಬೇಕಂತೆ.

ಇನ್ನು ಏಣಿ. ರಾತ್ರಿ ಎರಡು ಗಂಟೆಗೆ ಒಂದಕ್ಕೆ ಹೋಗಬೇಕಾದವರ ಕಷ್ಟ ಆ ಅಲ್ಯೂಮಿನಿಯಂ ಏಣಿಗೇ ಗೊತ್ತು. ಮಂಜು ಬಿದ್ದು ಮೆಟ್ಟಿಲು ಜಾರುತ್ತದೆ. ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು, ಹಿಮ್ಮುಖವಾಗಿ, ಕಾಲಲ್ಲಿ ಮೆಟ್ಟಿಲು ತಡಕುತ್ತಾ ಇಳಿಯಬೇಕು. ಇಳಿದ ಮೇಲೆ ಗೊತ್ತಾಗುತ್ತದೆ, ಚಪ್ಪಲಿ ಮೇಲೆಯೇ ಇದೆ. ಮಂಡಿನೋವು ಇರುವವರು, ಸಣ್ಣ ಮಕ್ಕಳು, ನಾಯಿ ಸಾಕಿದವರು ಇದರ ತಂಟೆಗೇ ಬರಬೇಡಿ.

ನನಗೆ ಎಲ್ಲಕ್ಕಿಂತ ಉರಿದದ್ದು ತೂಕದ ವಿಷಯ. "ಯಾವ ಕಾರಿಗಾದ್ರೂ ಆಗುತ್ತೆ ಸರ್" ಅಂದಿದ್ದ ಆ ಅಂಗಡಿಯ ಪುಣ್ಯಾತ್ಮ. ಕಾರಿನ ಮ್ಯಾನ್ಯುಯಲ್ ತೆಗೆದು ನೋಡಿದ್ದು ದುಡ್ಡು ಕೊಟ್ಟ ಮೇಲೆ. ತಪ್ಪು ನನ್ನದೂ ಇದೆ, ಒಪ್ಪುತ್ತೇನೆ. ನನ್ನ ಕಾರಿನ ಚಾವಣಿ ಓಡುವಾಗ ಹೊರಬಹುದಾದದ್ದು 75 ಕೆಜಿ. ಟೆಂಟು 62, ಅದನ್ನು ಕೂರಿಸುವ ಅಡ್ಡಪಟ್ಟಿಗಳು 6. ಅಲ್ಲಿಗೆ ಉಳಿದದ್ದು 7. ನಿಂತಾಗ ಚಾವಣಿ ಇದರ ಎಷ್ಟೋ ಪಟ್ಟು ತಡೆಯುತ್ತದೆ, ಅದಕ್ಕೇ ಇಬ್ಬರು ಮೇಲೆ ಮಲಗಿದರೂ ಏನೂ ಆಗಲ್ಲ. ಓಡುವಾಗ ಹಾಗಲ್ಲ. ತಿರುವು, ಹಳ್ಳ, ಬ್ರೇಕು, ಎಲ್ಲ ಕಡೆ ಆ ಭಾರ ಎಳೆದಾಡುತ್ತದೆ. ತಿರುವಿನಲ್ಲಿ ಗಾಡಿ ವಾಲುವುದು ಸ್ಟಿಯರಿಂಗ್ ಹಿಡಿದವನಿಗೆ ಚೆನ್ನಾಗಿ ಗೊತ್ತಾಗುತ್ತದೆ. ಲೀಟರಿಗೆ 16 ಕಿಲೋಮೀಟರ್ ಕೊಡುತ್ತಿದ್ದದ್ದು 13ಕ್ಕೆ ಇಳಿಯಿತು. ಗಾಳಿಯ ಸುಂಯ್ ಸದ್ದಿನಲ್ಲಿ ಮಾತಾಡಬೇಕಾದರೆ ಕೂಗಬೇಕು. ಗಟ್ಟಿ ಪೆಟ್ಟಿಗೆಯ ಹಾಗೆ ಮುಚ್ಚಿಕೊಳ್ಳುವ ಹಾರ್ಡ್ ಶೆಲ್ ಟೆಂಟ್ ತಗೊಂಡಿದ್ರೆ ಮಡಚೋದು ಸುಲಭ ಇತ್ತು ಅಂತ ಈಗ ಎಲ್ಲರೂ ಹೇಳುತ್ತಾರೆ. ಹೌದು, ಆದರೆ ಅದರಲ್ಲಿ ಎಷ್ಟೋ ಇದಕ್ಕಿಂತಲೂ ಭಾರ.

ಇದು ಇವತ್ತು ನಿನ್ನೆಯ ವಸ್ತು ಅಲ್ಲ ಅಂತ ಆ ಅಂಗಡಿಯವನೇ ಒಂದು ಕಥೆ ಹೇಳಿದ್ದ. ಪೂರ್ವ ಜರ್ಮನಿಯಲ್ಲಿ ಟ್ರಾಬಾಂಟ್ ಅನ್ನೋ ಪುಟಾಣಿ ಕಾರಿನ ಮೇಲೂ ಇಂಥ ಟೆಂಟ್ ಕಟ್ಟುತ್ತಿದ್ದರಂತೆ. ಅದು ನಿಜವೇ. 26 ಕುದುರೆ ಶಕ್ತಿಯ ಕಾರು, ತಲೆ ಮೇಲೆ ಮನೆ. ಅವರಿಗೆ ಬಹುಶಃ 2.1 ಮೀಟರ್ ಎತ್ತರದ ಸೆಲ್ಲಾರ್‌ನೊಳಗೆ ಕಾರು ನಿಲ್ಲಿಸುವ ಗತಿ ಬಂದಿರಲಿಲ್ಲ. ನನಗೆ ಬಂತು. ಮೇಲೊಂದು ಟೆಂಟಿದೆ ಅನ್ನೋದೇ ಮರೆತು ನುಗ್ಗಿಸಿದೆ. ತೊಲೆಗೆ ಹೊದಿಕೆ ಉಜ್ಜಿದ ಆ ಕರ್‌ರ್ ಸದ್ದು ಇನ್ನೂ ಕಿವಿಯಲ್ಲಿದೆ. ಆವತ್ತಿನಿಂದ ಕಾರು ಬೀದಿಯಲ್ಲಿ.

ತೆಗೆದಿಡು ಅಂತೀರಾ? ಬಾಡಿಗೆಗೆ ಇಬ್ಬರನ್ನು ಕರೆಯಬೇಕು, ಬೋಲ್ಟ್ ಬಿಚ್ಚಬೇಕು, ಮನೆಯಲ್ಲಿ ಒಂದು ಮಂಚದಷ್ಟು ಜಾಗ ಬೇಕು. ಸುಮ್ನೆ ಇರಲಾರದೆ ಇರುವೆ ಬಿಟ್ಟುಕೊಂಡ ಹಾಗಾಯಿತು. ಕ್ಯಾಂಪಿಗೆ ಹೋದಾಗಲೂ ಅದೇ ಹಾಡು. ಬೆಂಕಿಪೊಟ್ಟಣ ಮರೆತು ಬಂದಿದ್ದೆವು. ಅದೊಂದನ್ನು ತರೋಕೆ ಇಡೀ ಮನೆ ಮಡಚಿ ಹೋಗಬೇಕು. ಹೋಗಲಿಲ್ಲ, ತಣ್ಣಗಿದ್ದದ್ದನ್ನೇ ತಿಂದೆವು. "ರೀ, ಕಾರಿನ ಮೇಲೆ ಮಲಗೋ ಬದಲು ಒಳಗೇ ಮಲಗಬಹುದಿತ್ತು, ಅಲ್ವಾ?" ಅಂದಳು. ನಾನು ಉತ್ತರ ಕೊಡಲಿಲ್ಲ.

ಒದ್ದೆ ಟೆಂಟನ್ನು ಮಡಚಿ ತಂದರೆ ಮನೆಗೆ ಬಂದ ತಕ್ಷಣ ಮತ್ತೆ ಬಿಚ್ಚಲೇಬೇಕು. ಇಲ್ಲದಿದ್ದರೆ ಬೂಷ್ಟು. ಕಪ್ಪು ಚುಕ್ಕೆ ಒಮ್ಮೆ ಕೂತರೆ ತಿಕ್ಕಿದರೂ ಹೋಗಲ್ಲ, ವಾಸನೆಯಂತೂ ಬೇಡ. ಹಾಗಾಗಿ ಎರಡು ದಿನದಿಂದ ನಮ್ಮ ಮನೆ ಮುಂದೆ ಬೀದಿಯಲ್ಲಿ ಕಾರಿನ ಮೇಲೆ ಟೆಂಟ್ ಬಿಚ್ಚಿಕೊಂಡು ನಿಂತಿದೆ. ಹೋಗುವವರು ಬರುವವರೆಲ್ಲ "ಎಲ್ಲಿಗೆ ಹೊರಟ್ರಿ?" ಅಂತ ಕೇಳುತ್ತಾರೆ. ಎಲ್ಲಿಗೂ ಇಲ್ಲ ಸ್ವಾಮಿ, ಒಣಗಿಸ್ತಾ ಇದ್ದೀನಿ.

ಇನ್ನೊಂದು ಮಧ್ಯಾಹ್ನ ಬಿಸಿಲು ಸಿಕ್ಕಿದ್ದರೆ ಒಣಗುತ್ತಿತ್ತು. ಇದನ್ನು ಬರೆಯುವಷ್ಟರಲ್ಲಿ ಮೋಡ ಕಟ್ಟಿಬಿಟ್ಟಿದೆ. ಮೊದಲ ಹನಿ ಬಿತ್ತು. ಮಡಚಬೇಕು, ಬರ್ತೀನಿ.