ಓಟ ನಿಂತರೂ ಪೆಡಲ್ ನಿಲ್ಲಲಿಲ್ಲ

ಓಡುವವರಿಗೆ ಹಿಮ್ಮಡಿ ನೋವು ಬಂದರೆ ಚಳಿಗಾಲವಿಡೀ ಸುಮ್ನೆ ವಿಶ್ರಾಂತಿ ತಗೊಳ್ಳಿ ಅಂತ ಒಂದು ಲೇಖನದಲ್ಲಿ ಓದಿದೆ. ಓಟ ನಿಲ್ಲಿಸಬೇಕು, ಒಪ್ಪಿದೆ. ಎಲ್ಲವನ್ನೂ ಯಾಕೆ ನಿಲ್ಲಿಸಬೇಕು?

ಕಳೆದ ನವೆಂಬರ್‌ನಲ್ಲಿ ನನಗೂ ಪ್ಲಾಂಟರ್ ಫೇಸಿಯೈಟಿಸ್, ಅಂದರೆ ಪಾದದಡಿಯ ಪಟ್ಟಿಯಿಂದ ಬರುವ ಹಿಮ್ಮಡಿ ನೋವು, ಆಗಿತ್ತು. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಟ್ಟರೆ ಮೊಳೆ ತುಳಿದ ಹಾಗೆ. ಸೈಕಲ್‌ಗೆ ಫಿಸಿಯೋ ಒಪ್ಪಿದರು. ಓಟದಲ್ಲಿ ಹಿಮ್ಮಡಿಗೆ ಬೀಳುವ ಏಟು ಇದರಲ್ಲಿಲ್ಲ, ಮೈಭಾರ ಹೆಚ್ಚಾಗಿ ಸೀಟಿನ ಮೇಲೆ. ಆದರೆ ಮೊದಲ ವಾರ ಸೀಟು ತಗ್ಗಾಗಿತ್ತು ನೋಡಿ, ಹಿಮ್ಮಡಿ ಬಿಟ್ಟು ಮಂಡಿ ಹಿಡಿಯಿತು! ಎರಡು ಬೆರಳಷ್ಟು ಏರಿಸಿದ ಮೇಲೆ ಸರಿಹೋಯಿತು. ಗೇರ್ ಹಗುರ ಇಟ್ಟು ನಿಮಿಷಕ್ಕೆ 80-90 ಸುತ್ತು ತುಳಿದರೆ ಮಂಡಿಗೆ ಹಿತ. ವಾರಕ್ಕೆರಡು ದಿನ ಈಜು. ಸಂಜೆ ಫ್ರೀಜರ್‌ನಲ್ಲಿಟ್ಟ ನೀರಿನ ಬಾಟಲಿಯನ್ನು ಪಾದದಡಿ ಉರುಳಿಸುತ್ತಿದ್ದೆ.

ಜನವರಿಯಲ್ಲಿ ಸೈಕಲ್‌ನಲ್ಲೇ ನಂದಿ ಬೆಟ್ಟ ಹತ್ತಿದೆ, ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರ. ಹತ್ತುವಾಗ ಬೆವರು, ಇಳಿಯುವಾಗ ಅದೇ ಬೆವರು ಐಸು. ಟೀ ಅಂಗಡಿಯಲ್ಲಿ ಹಳೇ ಪೇಪರ್ ಕೇಳಿ ಜರ್ಸಿಯೊಳಗೆ ಎದೆಗೆ ಇಟ್ಟುಕೊಂಡೆ. ಯುರೋಪಿನ ರೇಸ್ ಸವಾರರ ಹಳೇ ಉಪಾಯ ಇದು. ಕೆಳಗೆ ಬರುವಷ್ಟರಲ್ಲಿ ಪೇಪರ್ ಮುದ್ದೆ, ಎದೆ ಮಾತ್ರ ಬೆಚ್ಚಗಿತ್ತು.

ಮಾರ್ಚ್‌ನಲ್ಲಿ ಮತ್ತೆ ಓಡಿದೆ. ಮೊದಲ ದಿನ ಎರಡೇ ಕಿಲೋಮೀಟರ್. ಉಸಿರು ಸಾಕಾಗಲಿಲ್ಲ ಅಂತ ಅನಿಸಲೇ ಇಲ್ಲ.